ಅಕ್ಷರದ ಕುಡಿ, ಲಿಪಿಯ ಒಡಲು: ಶೀರ್ಷಿಕೆಯ ಅಲಂಕಾರಾಕ್ಷರಗಳ ವಿಚಾರ

೧

ಅಕ್ಷರಕ್ಕೆ ಎರಡು ಬಗೆಯ ಬಾಳುವೆಯುಂಟು. ಪುಟದೊಳಗೆ ಸಾಲುಸಾಲಾಗಿ ನಿಂತು, ತನ್ನ ಕಡೆಗೆ ಗಮನ ಸೆಳೆಯದೆ, ಓದುಗನನ್ನು ಅರ್ಥದತ್ತ ಸಾಗಿಸುವುದು ಒಂದು ಬಗೆ. ಗ್ರಂಥದ ಮುಖಪುಟದಲ್ಲಿ, ಪತ್ರಿಕೆಯ ತಲೆಬರಹದಲ್ಲಿ, ಅಂಗಡಿಯ ಫಲಕದಲ್ಲಿ ದೊಡ್ಡದಾಗಿ ನಿಂತು, ಓದಿಸಿಕೊಳ್ಳುವುದಕ್ಕೆ ಮೊದಲೇ ನೋಡಿಸಿಕೊಳ್ಳುವುದು ಇನ್ನೊಂದು ಬಗೆ. ಮೊದಲನೆಯದನ್ನು ಪಠ್ಯಾಕ್ಷರವೆಂದೂ ಎರಡನೆಯದನ್ನು ಶೀರ್ಷಿಕಾಕ್ಷರವೆಂದೂ ಕರೆಯಬಹುದು. ಲಿಪಿಯ ಇತಿಹಾಸವನ್ನು ಬರೆದವರು ಶಾಸನ, ಓಲೆ, ಕಾಗದ, ಅಚ್ಚು ಎಂಬ ಕ್ರಮದಲ್ಲಿ ಪಠ್ಯಾಕ್ಷರದ ಬೆಳವಣಿಗೆಯನ್ನು ವಿವರಿಸಿದ್ದಾರೆ. ಶೀರ್ಷಿಕಾಕ್ಷರವು ಮಾತ್ರ ಚಿತ್ರಕಾರರ ವಿಷಯವೆಂದೋ ವ್ಯಾಪಾರಿಗಳ ಅಗತ್ಯವೆಂದೋ ಬಹುಮಟ್ಟಿಗೆ ಬದಿಗೆ ಸರಿದಿದೆ.

ಈ ಅಲಕ್ಷ್ಯ ಸರಿಯಲ್ಲ. ಪಠ್ಯಾಕ್ಷರವು ಯಂತ್ರದ ಮಿತಿಗೆ ಬಾಗಿ ತನ್ನ ರೂಪಗಳನ್ನು ಕಳೆದುಕೊಂಡಾಗ, ಆ ರೂಪಗಳು ಶೀರ್ಷಿಕೆಯಲ್ಲಿ ಉಳಿದುಕೊಂಡು ಕಾಲಾಂತರದಲ್ಲಿ ಮರಳಿ ಬರಬಲ್ಲವು. ಇದಕ್ಕೆ ತಕ್ಕ ನಿದರ್ಶನ ಕನ್ನಡಕ್ಕೆ ನೆರೆಯದಾದ ಮಲಯಾಳ ಲಿಪಿಯ ಇತಿಹಾಸದಲ್ಲಿ, ಅದರಲ್ಲೂ ಕೊಚ್ಚಿ ಮತ್ತು ತಿರುವನಂತಪುರಗಳ ಅಕ್ಷರಪರಂಪರೆಯಲ್ಲಿ ದೊರೆಯುತ್ತದೆ. ಎರಡೂ ಲಿಪಿಗಳು ಬ್ರಾಹ್ಮಿಯ ಸಂತತಿಯವು. ಎರಡೂ ತಾಳೆಗರಿಯ ಮೇಲೆ ಕಂಟದಿಂದ ಕೊರೆಯಲ್ಪಟ್ಟು ದುಂಡಗಾದವು. ಕರಾವಳಿಯ ತಿಗಳಾರಿ ಲಿಪಿಯು ಗ್ರಂಥಲಿಪಿಯ ಮೂಲಕ ಮಲಯಾಳಕ್ಕೆ ಹತ್ತಿರದ ನಂಟನಾಗಿ ಕನ್ನಡನಾಡಿನಲ್ಲಿಯೇ ಬಾಳಿದೆ. ಕಾಸರಗೋಡಿನಲ್ಲಂತೂ ಕನ್ನಡ ಮತ್ತು ಮಲಯಾಳದ ಫಲಕಗಳು ಒಂದೇ ಬೀದಿಯಲ್ಲಿ ಒಂದರ ಪಕ್ಕದಲ್ಲೊಂದು ನಿಂತಿವೆ. ಆದ್ದರಿಂದ ಕೇರಳದ ಅನುಭವವನ್ನು ಪರಿಶೀಲಿಸುವುದು ಕನ್ನಡ ಲಿಪಿಯ ವಿದ್ಯಾರ್ಥಿಗಳಿಗೆ ಹೊರಗಿನ ವಿಷಯವಾಗಲಾರದು.

ಈಚಿನ ವರ್ಷಗಳಲ್ಲಿ ಹಳೆಯ ಕಾಲದ ಸೊಬಗನ್ನು ನೆನಪಿಸುವ, ತುದಿಗಳಲ್ಲಿ ಕುಡಿಯೊಡೆದ ಅಲಂಕಾರಾಕ್ಷರಗಳಿಗೆ ಎಲ್ಲ ಭಾಷೆಗಳಲ್ಲಿಯೂ ಬೇಡಿಕೆ ಹೆಚ್ಚಿದೆ. ಮದುವೆಯ ಕರೆಯೋಲೆ, ಕಾದಂಬರಿಯ ಹೊದಿಕೆ, ಚಲನಚಿತ್ರದ ಹೆಸರು, ಉಪಾಹಾರಗೃಹದ ಫಲಕ ಎಲ್ಲೆಡೆಯೂ ಇಂತಹ ಅಕ್ಷರಗಳು ಕಾಣುತ್ತವೆ. ಇವು ಭಾರತೀಯ ಲಿಪಿಗಳಿಗೆ ಯಾವ ಬಗೆಯಲ್ಲಿ ಒಗ್ಗುತ್ತವೆ, ಯಾವುದು ಅಲಂಕಾರ, ಯಾವುದು ಅಕ್ಷರದ ಅಂಗ ಎಂಬ ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಲಾಗಿದೆ.

೨

ರೋಮನ್ ಅಕ್ಷರಗಳ ಗೆರೆಗಳ ತುದಿಯಲ್ಲಿ ಅಡ್ಡಲಾಗಿ ಚಾಚಿಕೊಂಡ ಚಿಕ್ಕ ಕುಡಿಗೆ ಪಾಶ್ಚಾತ್ಯ ಮುದ್ರಣಶಾಸ್ತ್ರದಲ್ಲಿ ಸೆರಿಫ್ ಎಂದು ಹೆಸರು. ಇದರ ಪರಿಪೂರ್ಣ ಮಾದರಿಯೆಂದು ಸಾಮಾನ್ಯವಾಗಿ ಹೆಸರಿಸುವುದು ರೋಮ್ ನಗರದ ಟ್ರೇಜನ್ ಸ್ತಂಭದ ಪೀಠದಲ್ಲಿರುವ ಕ್ರಿ.ಶ. ೧೧೩ರ ಶಾಸನವನ್ನು. ಕಲ್ಲಿನಲ್ಲಿ ಗೆರೆಯ ಕೊನೆಯನ್ನು ಒಪ್ಪವಾಗಿ ಮುಗಿಸಲು ಉಳಿಯಿಂದ ಹಾಕಿದ ಏಟೇ ಈ ಕುಡಿಗೆ ಮೂಲವೆಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು. ಎಡ್ವರ್ಡ್ ಕ್ಯಾಟಿಚ್ ಎಂಬ ವಿದ್ವಾಂಸನು ೧೯೬೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೇರೊಂದು ವಿವರಣೆಯನ್ನು ಮುಂದಿಟ್ಟನು. ಕಲ್ಲುಕುಟಿಗನು ಕೊರೆಯುವುದಕ್ಕೆ ಮೊದಲು ಬರಹಗಾರನು ಚಪ್ಪಟೆಯಾದ ಕುಂಚದಿಂದ ಅಕ್ಷರಗಳನ್ನು ಕಲ್ಲಿನ ಮೇಲೆ ಬರೆಯುತ್ತಿದ್ದನೆಂದೂ, ಕುಂಚವನ್ನು ಇಡುವಾಗ ಮತ್ತು ಎತ್ತುವಾಗ ಮೂಡುವ ತಿರುವೇ ಕುಡಿಯಾಯಿತೆಂದೂ ಅವನ ವಾದ. ಯಾವ ಮತವನ್ನು ಒಪ್ಪಿದರೂ ಒಂದು ಮಾತು ನಿಲ್ಲುತ್ತದೆ: ಕುಡಿಯು ಉಪಕರಣದ ಹೆಜ್ಜೆಗುರುತು. ಅದು ಮೊದಲು ಕೆಲಸದ ಫಲ, ಅನಂತರ ಅಲಂಕಾರ.

ಕುಡಿಯು ಆಡಂಬರವಾದದ್ದು ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ. ಕೈಗಾರಿಕೆ ಬೆಳೆದು ಭಿತ್ತಿಪತ್ರ, ಲಾಟರಿ ಚೀಟಿ, ನಾಟಕದ ಪ್ರಕಟಣೆಗಳು ಗೋಡೆಗಳನ್ನು ತುಂಬಿದಾಗ, ಪುಸ್ತಕಕ್ಕಾಗಿ ಕಡೆದ ಸೌಮ್ಯವಾದ ಮೊಳೆಗಳು ಸಾಲದಾದವು. ವಿನ್ಸೆಂಟ್ ಫಿಗಿನ್ಸ್ ಮೊದಲಾದ ಅಚ್ಚುಮೊಳೆ ತಯಾರಕರು ೧೮೧೫ರ ಸುಮಾರಿನಿಂದ ಚಪ್ಪಡಿಯಂತೆ ದಪ್ಪನಾದ ಕುಡಿಗಳುಳ್ಳ ಅಕ್ಷರಗಳನ್ನೂ, ಮೀನಿನ ಬಾಲದಂತೆ ಸೀಳಿದ ಕುಡಿಗಳುಳ್ಳ ಅಕ್ಷರಗಳನ್ನೂ ಮಾರುಕಟ್ಟೆಗೆ ತಂದರು. ಸೀಳಿದ ಕುಡಿಯ ಕಲ್ಪನೆಯಾದರೂ ಹೊಸದಲ್ಲ. ನಾಲ್ಕನೆಯ ಶತಮಾನದಲ್ಲಿ ರೋಮಿನ ಫಿಲೋಕಾಲಸ್ ಎಂಬ ಲಿಪಿಕಾರನು ಕಲ್ಲಿನ ಶಾಸನಗಳಲ್ಲಿ ಅದನ್ನು ಬಳಸಿದ್ದನು. ಅಮೆರಿಕದಲ್ಲಿ ಡೇರಿಯಸ್ ವೆಲ್ಸ್ ಎಂಬಾತನು ಮರದಲ್ಲಿ ದೊಡ್ಡ ಅಕ್ಷರಗಳನ್ನು ಕೊರೆಯುವ ಯಂತ್ರವನ್ನು ಬಳಕೆಗೆ ತಂದು, ೧೮೨೮ರಲ್ಲಿ ಮರದಚ್ಚುಗಳ ಮಾದರಿಪಟ್ಟಿಯನ್ನು ಹೊರತಂದ ಮೇಲೆ ಈ ಬಗೆಯ ಅಕ್ಷರಗಳಿಗೆ ಮಿತಿಯೇ ಇಲ್ಲವಾಯಿತು.

ಇಂದು ಹಳೆಯ ಕಾಲದ ಗಾಂಭೀರ್ಯವೆಂದು ಮೆಚ್ಚುವ ಅಲಂಕಾರಾಕ್ಷರಗಳು ತಮ್ಮ ಕಾಲದಲ್ಲಿ ಸಂತೆಯ ಕೂಗಾಗಿದ್ದವು. ಕಾಲ ಸರಿದಂತೆ ಕೂಗು ಅಡಗಿ ಸೊಬಗು ಉಳಿಯಿತು. ಈ ಸೊಬಗನ್ನು ಭಾರತೀಯ ಲಿಪಿಗಳಿಗೆ ತರುವಾಗ ರೋಮನ್ ಅಕ್ಷರದ ಕುಡಿಯನ್ನು ಕಿತ್ತು ತಂದು ಅಂಟಿಸಿದರೆ ಸಾಕೇ ಎಂಬುದು ಮುಖ್ಯವಾದ ಪ್ರಶ್ನೆ.

೩

ಕೊಚ್ಚಿಯಲ್ಲಿ ಈ ಪ್ರಶ್ನೆಗೆ ಬೇಕಾದ ಸಾಮಗ್ರಿಯೆಲ್ಲ ಒಂದೆಡೆ ಸೇರಿದೆ. ಕೋಟೆಕೊಚ್ಚಿಯ ಸಂತ ಫ್ರಾನ್ಸಿಸ್ ಇಗರ್ಜಿಯ ಗೋಡೆಗಳಲ್ಲಿ ಪೋರ್ಚುಗೀಸ್ ಮತ್ತು ಡಚ್ ಗೋರಿಗಲ್ಲುಗಳನ್ನು ನಿಲ್ಲಿಸಲಾಗಿದೆ. ೧೫೨೪ರಲ್ಲಿ ಮಡಿದ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದು ಇಲ್ಲಿಯೇ. ಆ ಕಲ್ಲುಗಳ ಮೇಲಿನ ರೋಮನ್ ಅಕ್ಷರಗಳಲ್ಲಿ ಕುಡಿಯು ತನ್ನ ಹುಟ್ಟುನೆಲೆಯಾದ ಕಲ್ಲಿನಲ್ಲಿಯೇ ಕಾಣಸಿಗುತ್ತದೆ. ಅಲ್ಲಿಂದ ಅನತಿದೂರದ ಮಟ್ಟಾಂಚೇರಿಯಲ್ಲಿ ಯೆಹೂದ್ಯರ ಪರದೇಶಿ ಸಿನಗಾಗ್ ಇದೆ. ೧೫೬೮ರಲ್ಲಿ ಕಟ್ಟಿದ ಈ ಪ್ರಾರ್ಥನಾಮಂದಿರಕ್ಕೆ ಹದಿನೆಂಟನೆಯ ಶತಮಾನದಲ್ಲಿ ಎಸೆಕಿಯೆಲ್ ರಹಾಬಿ ಎಂಬ ವರ್ತಕನು ಗಡಿಯಾರದ ಗೋಪುರವನ್ನು ಸೇರಿಸಿದನು. ಅದರ ಮುಖಗಳಲ್ಲಿ ಒಂದಕ್ಕೆ ಹೀಬ್ರೂ, ಒಂದಕ್ಕೆ ರೋಮನ್, ಒಂದಕ್ಕೆ ಮಲಯಾಳ ಅಂಕೆಗಳು. ದೂರದಿಂದ ನೋಡಲೆಂದೇ ಬರೆದ ಈ ಅಂಕೆಗಳು ಶೀರ್ಷಿಕಾಕ್ಷರದ ಜಾತಿಗೆ ಸೇರಿದವು. ದಿನಬಳಕೆಯ ಮಲಯಾಳ ಬರಹದಿಂದ ಆ ಭಾಷೆಯ ಅಂಕೆಗಳು ಮರೆಯಾದ ಮೇಲೂ ಗೋಪುರದ ಮೇಲೆ ಅವು ಉಳಿದಿವೆ. ಪಠ್ಯವು ಬಿಟ್ಟದ್ದನ್ನು ಫಲಕವು ಉಳಿಸಿಕೊಳ್ಳುತ್ತದೆಯೆಂಬುದಕ್ಕೆ ಇದು ಚಿಕ್ಕದಾದರೂ ಸ್ಪಷ್ಟವಾದ ಸಾಕ್ಷಿ.

ಅಚ್ಚಿನ ಇತಿಹಾಸದಲ್ಲಿಯೂ ಕೊಚ್ಚಿಗೆ ಹಿರಿಯ ಸ್ಥಾನವಿದೆ. ೧೫೭೮ರಲ್ಲಿ ಕೊಲ್ಲಂನಲ್ಲಿ ತಮಿಳು ಅಚ್ಚುಮೊಳೆಗಳ ಪುಸ್ತಕವೊಂದು ಹೊರಬಂದ ಮರುವರ್ಷ, ಎಂದರೆ ೧೫೭೯ರಲ್ಲಿ, ಹೆನ್ರಿಕ್ ಹೆನ್ರಿಕ್ಸ್ ಪಾದ್ರಿಯ ‘ಕಿರೀಸಿತ್ತಿಯಾನಿ ವಣಕ್ಕಂ’ ಕೊಚ್ಚಿಯಲ್ಲಿ ಮುದ್ರಣಗೊಂಡಿತು. ಮುಂದಿನ ಶತಮಾನದಲ್ಲಿ ಡಚ್ ಅಧಿಕಾರಿ ವಾನ್ ರೀಡ್ ಕೊಚ್ಚಿಯಲ್ಲಿ ಸಂಗ್ರಹಿಸಿದ ಸಸ್ಯವಿವರಗಳು ‘ಹೋರ್ಟಸ್ ಮಲಬಾರಿಕಸ್’ ಎಂಬ ಹೆಸರಿನಲ್ಲಿ ೧೬೭೮ರಿಂದ ೧೬೯೩ರವರೆಗೆ ಆಮ್ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಪ್ರಕಟವಾದವು. ಅದರಲ್ಲಿ ಇಟ್ಟಿ ಅಚ್ಯುತನ್ ಎಂಬ ವೈದ್ಯನ ಹೇಳಿಕೆ ಕೋಲೆೞುತ್ತು ಲಿಪಿಯಲ್ಲಿಯೂ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವಿದ್ವಾಂಸರ ಹೇಳಿಕೆ ನಾಗರಿಯಲ್ಲಿಯೂ ಇವೆ. ಗಿಡಗಳ ಚಿತ್ರಫಲಕಗಳ ಮೇಲೆ ಮಲಯಾಳ ಅಕ್ಷರಗಳಲ್ಲಿ ಹೆಸರುಗಳಿವೆ. ಇವಾವುವೂ ಮೊಳೆಯಲ್ಲಿ ಜೋಡಿಸಿದವಲ್ಲ, ತಾಮ್ರದ ತಗಡಿನಲ್ಲಿ ಕೊರೆದವು. ಆದ್ದರಿಂದ ಬರೆದ ಕೈಯ ತಿರುವು, ಕೂಡಕ್ಷರಗಳ ಜೋಡಣೆ, ಅಕ್ಷರದ ವಾಲುವಿಕೆ ಎಲ್ಲವೂ ಹಾಗೆಯೇ ಉಳಿದಿವೆ.

ಮೊಳೆಯ ಸ್ವಭಾವ ಬೇರೆ. ಪ್ರತಿಯೊಂದು ರೂಪಕ್ಕೂ ಒಂದು ಮೊಳೆಯನ್ನು ಎರಕ ಹೊಯ್ಯಬೇಕಾಗುವುದರಿಂದ ಅಚ್ಚುಕೂಟವು ರೂಪಗಳನ್ನು ಎಣಿಸುತ್ತದೆ; ಕೈ ಎಣಿಸುವುದಿಲ್ಲ. ಪೂರ್ಣವಾಗಿ ಮಲಯಾಳ ಮೊಳೆಗಳಿಂದ ಅಚ್ಚಾದ ಮೊದಲ ಗ್ರಂಥವಾದ ‘ಸಂಕ್ಷೇಪವೇದಾರ್ಥಂ’ ೧೭೭೨ರಲ್ಲಿ ರೋಮಿನಲ್ಲಿ ಹೊರಬಂದಿತು. ಅದರ ಅಕ್ಷರಗಳು ಚೌಕನೆಯ ಮೈಕಟ್ಟಿನವು. ಕೋಟ್ಟಯಂನಲ್ಲಿ ೧೮೨೧ರಲ್ಲಿ ಸಿ.ಎಂ.ಎಸ್. ಮುದ್ರಣಾಲಯವನ್ನು ಆರಂಭಿಸಿದ ಬೆಂಜಮಿನ್ ಬೈಲಿ, ಹೊರಗಿನಿಂದ ಬಂದ ಮೊಳೆಗಳು ತೃಪ್ತಿ ನೀಡದಿರಲು, ಸ್ಥಳೀಯ ಕುಶಲಕರ್ಮಿಗಳ ನೆರವಿನಿಂದ ತಾನೇ ಮೊಳೆಗಳನ್ನು ಮಾಡಿಸಿದನು. ಓಲೆಯ ಬರಹದ ದುಂಡುತನವು ಅಚ್ಚಿಗೆ ಇಳಿದದ್ದು ಆಗಲೇ. ಕೂಡಕ್ಷರಗಳೆಲ್ಲ ಸೇರಿ ಆ ಮೊಳೆಗಳ ಸಂಖ್ಯೆ ನೂರಾರು. ಮುಂದೆ ಕೊಚ್ಚಿಯಲ್ಲಿ ಗುಜರಾತಿ ಮೂಲದ ದೇವಜಿ ಭೀಮಜಿಯವರ ಮುದ್ರಣಾಲಯದಿಂದ ೧೮೮೧ರಲ್ಲಿ ‘ಕೇರಳಮಿತ್ರಂ’ ಪತ್ರಿಕೆ ಹೊರಟಿತು. ಪತ್ರಿಕೆಯೆಂದರೆ ತಲೆಬರಹ, ತಲೆಬರಹವೆಂದರೆ ಪಠ್ಯದ ಮೊಳೆಗಿಂತ ಬೇರೆಯಾದ, ಗುರುತು ಹಿಡಿಯಬಲ್ಲ ಅಕ್ಷರ. ಹೀಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮಲಯಾಳದಲ್ಲಿ ಪಠ್ಯಾಕ್ಷರ ಮತ್ತು ಶೀರ್ಷಿಕಾಕ್ಷರಗಳ ದಾರಿಗಳು ಕವಲೊಡೆದವು.

೪

ಆ ಕವಲಿನ ಮಹತ್ವ ತಿಳಿಯುವುದು ತಿರುವನಂತಪುರದಿಂದ ಹೊರಟ ಒಂದು ಆದೇಶದ ಹಿನ್ನೆಲೆಯಲ್ಲಿ. ಮಲಯಾಳ ಲಿಪಿಯಲ್ಲಿ ಉಕಾರ, ಊಕಾರ, ಋಕಾರಗಳ ಚಿಹ್ನೆಗಳು ವ್ಯಂಜನದೊಡನೆ ಬೆರೆತು, ವ್ಯಂಜನದಿಂದ ವ್ಯಂಜನಕ್ಕೆ ಬೇರೆ ಬೇರೆ ಆಕಾರ ತಾಳುತ್ತಿದ್ದವು. ಕಕಾರದೊಡನೆ ಬರುವ ಉಕಾರದ ರೂಪ ತಕಾರದೊಡನೆ ಬರುವ ರೂಪವಲ್ಲ. ರಕಾರದ ಒತ್ತು ಅಕ್ಷರವನ್ನು ಸುತ್ತಿ ಅಪ್ಪಿಕೊಳ್ಳುತ್ತಿತ್ತು. ಬೆರಳಚ್ಚು ಯಂತ್ರದ ಕೀಲಿಗಳೋ ಎಣಿಕೆಯವು. ಶೂರನಾಟ್ ಕುಂಞನ್ ಪಿಳ್ಳೆಯವರ ಅಧ್ಯಕ್ಷತೆಯ ಸಮಿತಿಯ ಶಿಫಾರಸುಗಳನ್ನು ಅನುಸರಿಸಿ ಕೇರಳ ಸರ್ಕಾರವು ಲಿಪಿಸುಧಾರಣೆಯನ್ನು ೧೯೭೧ರ ಏಪ್ರಿಲ್ ೧೫ರಂದು ಜಾರಿಗೆ ತಂದಿತು. ಸ್ವರಚಿಹ್ನೆಗಳನ್ನು ವ್ಯಂಜನದಿಂದ ಬಿಡಿಸಿ ಪಕ್ಕದಲ್ಲಿರಿಸಲಾಯಿತು. ವಿರಳವಾದ ಕೂಡಕ್ಷರಗಳನ್ನು ಚಂದ್ರಕ್ಕಲ ಎಂಬ ಗುರುತಿನಿಂದ ಒಡೆಯಲಾಯಿತು. ನೂರಾರು ರೂಪಗಳಿದ್ದ ಲಿಪಿ ತೊಂಬತ್ತರ ಆಸುಪಾಸಿನ ಚಿಹ್ನೆಗಳಿಗೆ ಇಳಿಯಿತು.

ಯಂತ್ರದ ದೃಷ್ಟಿಯಿಂದ ಇದು ಉಪಕಾರವೇ. ಕಚೇರಿಯ ಪತ್ರವ್ಯವಹಾರ ಜನರ ಭಾಷೆಯಲ್ಲಿ ನಡೆಯಬೇಕಾದರೆ ಬೆರಳಚ್ಚು ಬೇಕಿತ್ತು. ಲಿಪಿಯ ದೃಷ್ಟಿಯಿಂದ ಇದು ಗಾಯ. ಶಾಲೆಯ ಪಠ್ಯಪುಸ್ತಕದಲ್ಲಿ ಬಿಡಿರೂಪ ಕಲಿತ ಮಗು ಮನೆಯ ಹಿರಿಯರ ಕೈಬರಹದಲ್ಲಿ ಕೂಡುರೂಪವನ್ನು ಕಂಡಿತು. ಹಳೆಯ ಮುದ್ರಣವನ್ನು ಓದುವುದಕ್ಕೆ ಹೊಸ ಅಭ್ಯಾಸ ಬೇಕಾಯಿತು. ಪ್ರಕಾಶಕರು ತಂತಮ್ಮ ಮೊಳೆಪೆಟ್ಟಿಗೆಗಳಿಗೆ ಅನುಸಾರವಾಗಿ ಹಳೆಯ, ಹೊಸ ರೂಪಗಳನ್ನು ಬೆರಸಿ ಬಳಸಿದರು.

ಆದರೆ ಶೀರ್ಷಿಕೆಯನ್ನು ಬರೆಯುವ ಕಲಾವಿದನ ಕುಂಚಕ್ಕೆ ಕೀಲಿಮಣೆಯ ಹಂಗಿರಲಿಲ್ಲ. ಫಲಕ, ಭಿತ್ತಿಪತ್ರ, ಪುಸ್ತಕದ ಹೊದಿಕೆ, ವಾರಪತ್ರಿಕೆಯ ಕಥೆಯ ಹೆಸರು ಇವುಗಳಲ್ಲಿ ಕೂಡುರೂಪಗಳು ಬದುಕಿಕೊಂಡವು. ತಿರುವನಂತಪುರದಲ್ಲಿ ೧೯೭೫ರಲ್ಲಿ ಆರಂಭವಾದ ‘ಕಲಾಕೌಮುದಿ’ ವಾರಪತ್ರಿಕೆಯ ಕಥೆ-ಕಾದಂಬರಿಗಳಿಗೆ ಶೀರ್ಷಿಕೆಗಳನ್ನು ಬರೆದ ನಾರಾಯಣ ಭಟ್ಟತಿರಿಯವರು ಈ ಪರಂಪರೆಯ ಪ್ರಮುಖರು. ಪ್ರತಿಯೊಂದು ಕಥೆಯ ಭಾವಕ್ಕೆ ತಕ್ಕಂತೆ ಅಕ್ಷರದ ಮೈಯನ್ನು ಹಿಗ್ಗಿಸಿ, ಕುಗ್ಗಿಸಿ, ತುದಿಯನ್ನು ಚಿಗುರಿಸಿ ಬರೆಯುವ ಅವರ ಕೈಬರಹ ಮುಂದೆ ಕಲೆಯೆಂದೇ ಮಾನ್ಯತೆ ಪಡೆಯಿತು. ೨೦೨೩ರ ಅಕ್ಟೋಬರಿನಲ್ಲಿ ಕೊಚ್ಚಿಯ ದರ್ಬಾರ್ ಹಾಲ್ ಕಲಾಕೇಂದ್ರದಲ್ಲಿ ನಡೆದ ಅಂತಾರಾಷ್ಟ್ರೀಯ ಅಕ್ಷರಕಲಾ ಉತ್ಸವದಲ್ಲಿ ಮಲಯಾಳವೂ ಇತರ ಭಾಷೆಗಳ ಲಿಪಿಗಳೊಡನೆ ಸಮಸ್ಥಾನದಲ್ಲಿ ನಿಂತಿತು.

ಗಣಕಯಂತ್ರ ಬಂದಾಗ ಸುಧಾರಣೆಯ ಮೂಲಕಾರಣವೇ ಇಲ್ಲವಾಯಿತು. ಗಣಕದ ಅಕ್ಷರಗೊಂಚಲಿನಲ್ಲಿ ಎಷ್ಟು ರೂಪಗಳನ್ನಾದರೂ ಇರಿಸಬಹುದು. ಯಾವ ಎಡೆಯಲ್ಲಿ ಯಾವ ರೂಪ ಬರಬೇಕೆಂಬ ನಿಯಮವನ್ನು ಗೊಂಚಲೇ ಹೊತ್ತಿರುತ್ತದೆ. ಇದನ್ನು ಮೊದಲು ಮನಗಂಡವರಲ್ಲಿ ಆರ್. ಚಿತ್ರಜಕುಮಾರ್ ಮತ್ತು ಕೆ. ಎಚ್. ಹುಸೇನ್ ಮುಖ್ಯರು. ೧೯೯೯ರಲ್ಲಿ ಅವರ ಬಳಗವು ಸಿದ್ಧಪಡಿಸಿದ ‘ರಚನ’ ಅಕ್ಷರಗೊಂಚಲಿನಲ್ಲಿ ಒಂಬೈನೂರರಷ್ಟು ರೂಪಗಳಿದ್ದವು. ೧೯೭೧ರಲ್ಲಿ ಕೈಬಿಟ್ಟ ಕೂಡಕ್ಷರಗಳೆಲ್ಲ ಅದರಲ್ಲಿ ಮತ್ತೆ ಎದ್ದು ಬಂದವು. ೨೦೦೨ರಲ್ಲಿ ಹುಟ್ಟಿದ ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಎಂಬ ಸ್ವಯಂಸೇವಕರ ಕೂಟವು ಇಂತಹ ಗೊಂಚಲುಗಳನ್ನು ಯಾರೂ ಬಳಸಬಹುದಾದ, ತಿದ್ದಬಹುದಾದ ಮುಕ್ತ ಪರವಾನಗಿಯಲ್ಲಿ ಹಂಚಿತು. ಅದರ ಸಂಗ್ರಹದಲ್ಲಿ ಪಠ್ಯಕ್ಕೆ ‘ಮೀರ’, ‘ರಚನ’ಗಳಿರುವಂತೆ ಶೀರ್ಷಿಕೆಗೆ ‘ಉರೂಬ್’, ‘ಕೇರಳೀಯಂ’ ಎಂಬವುಗಳೂ ಅಲಂಕಾರಕ್ಕೆ ‘ದ್ಯುತಿ’ ಎಂಬುದೂ ಸೇರಿವೆ. ಭಟ್ಟತಿರಿಯವರ ಕೈಬರಹವನ್ನು ಆಧರಿಸಿದ ‘ಎೞುತ್ತ್’ ಎಂಬ ಗೊಂಚಲೂ ಪ್ರಕಟವಾಗಿದೆ. ತಿರುವನಂತಪುರದ ಕೇರಳ ಭಾಷಾ ಇನ್‌ಸ್ಟಿಟ್ಯೂಟ್ ಎಂಬ ಸರ್ಕಾರಿ ಸಂಸ್ಥೆಯ ಧನಸಹಾಯದಿಂದ ಬಿನೋಯ್ ಡೊಮಿನಿಕ್ ವಿನ್ಯಾಸಗೊಳಿಸಿದ ‘ಗಾಯತ್ರಿ’ ಎಂಬ ಶೀರ್ಷಿಕಾಕ್ಷರವು ೨೦೧೯ರಲ್ಲಿ ಹೊರಬಂದಿತು. ಇದು ಕುಡಿಯ ಆಡಂಬರವಿಲ್ಲದ, ತುದಿ ಮೃದುವಾದ ಅಕ್ಷರ. ಶೀರ್ಷಿಕೆಯ ಅಕ್ಷರವೂ ಸಾರ್ವಜನಿಕ ಹಣಕ್ಕೆ ಅರ್ಹವಾದ ಭಾಷಾಕಾರ್ಯವೆಂದು ಸರ್ಕಾರದ ಸಂಸ್ಥೆಯೊಂದು ಒಪ್ಪಿಕೊಂಡದ್ದು ಇಲ್ಲಿ ಗಮನಾರ್ಹ.

ಕೇರಳದಲ್ಲಿ ಹಳೆಯ ಲಿಪಿಯು ಬರಿಯ ಹಂಬಲದಿಂದ ಮರಳಲಿಲ್ಲ. ಓಲೆ, ಹಳೆಯ ಅಚ್ಚುಗಳ ಜೊತೆಗೆ ಕೈಬರಹದ ಶೀರ್ಷಿಕೆಗಳಲ್ಲಿ ಅದರ ರೂಪಗಳು ಜೀವಂತವಾಗಿದ್ದುದರಿಂದ ಓದುಗರ ಕಣ್ಣು ಅವನ್ನು ಮರೆತಿರಲಿಲ್ಲ. ಯಂತ್ರವು ಅನುಮತಿಸಿದ ಕೂಡಲೆ ಕಣ್ಣು ಅವುಗಳನ್ನು ಗುರುತಿಸಿತು. ಶೀರ್ಷಿಕಾಕ್ಷರವನ್ನು ಲಿಪಿಯ ಉಗ್ರಾಣವೆಂದು ಕರೆಯುವುದು ಈ ಅರ್ಥದಲ್ಲಿ.

೫

ಕನ್ನಡದ ಕಥೆ ಇದಕ್ಕಿಂತ ಭಿನ್ನವಾದರೂ ಆರಂಭದಲ್ಲಿ ಎರಡೂ ಒಂದೇ ಅಚ್ಚುಕೂಟದಲ್ಲಿ ಸಂಧಿಸುತ್ತವೆ. ಮಂಗಳೂರಿನ ಬಾಸೆಲ್ ಮಿಷನ್ನಿನ ಮುದ್ರಣಕ್ಕೆ ಶಿಲಾಮುದ್ರಣವೇ ಮೊದಲ ಮೆಟ್ಟಿಲು. ಹರ್ಮನ್ ಮೋಗ್ಲಿಂಗ್ ೧೮೪೩ರ ಜುಲೈ ೧ರಂದು ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು; ಅಲ್ಲಿ ಕನ್ನಡ ಅಕ್ಷರವು ಬರಹಗಾರನ ಕೈಯಿಂದಲೇ ಪುಟಕ್ಕೆ ಇಳಿಯಿತು. ಮೊಳೆಯ ಮುದ್ರಣ ನೆಲೆಗೊಂಡ ಮೇಲೆ ಅದೇ ಸಂಸ್ಥೆಯಿಂದ ೧೮೭೨ರಲ್ಲಿ ಎರಡು ಮಹತ್ವದ ಗ್ರಂಥಗಳು ಹೊರಬಂದವು: ಒಂದು ಹರ್ಮನ್ ಗುಂಡರ್ಟನ ಮಲಯಾಳ ನಿಘಂಟು, ಇನ್ನೊಂದು ಫರ್ಡಿನೆಂಡ್ ಕಿಟ್ಟೆಲ್ ಸಂಪಾದಿಸಿದ ಕೇಶಿರಾಜನ ‘ಶಬ್ದಮಣಿದರ್ಪಣ’.

ಈ ಎರಡು ಗ್ರಂಥಗಳ ನಡುವೆ ಒಂದು ಅಕ್ಷರದ ನಂಟಿದೆ. ಹಳಗನ್ನಡದ ೞಕಾರ ಮತ್ತು ಱಕಾರಗಳಿಗೆ ಸಂವಾದಿಯಾದ ಧ್ವನಿಗಳು ಮಲಯಾಳದಲ್ಲಿ ಇಂದಿಗೂ ಬಾಯಲ್ಲಿಯೂ ಬರಹದಲ್ಲಿಯೂ ಉಳಿದಿವೆ. ಕನ್ನಡದ ‘ಮೞೆ’ ‘ಮಳೆ’ಯಾಯಿತು, ‘ಏೞು’ ‘ಏಳು’ ಆಯಿತು. ಮಲಯಾಳದಲ್ಲಿ ‘ಮೞ’, ‘ಏೞ್’ ಎಂದೇ ನಿಂತಿತು. ಹದಿಮೂರನೆಯ ಶತಮಾನದ ಕೇಶಿರಾಜನು ೞಕಾರದ ಪ್ರಯೋಗಗಳನ್ನು ವಿಶೇಷವಾಗಿ ವಿವರಿಸಬೇಕಾಗಿ ಬಂದುದೇ ಆ ಅಕ್ಷರ ಆಗಲೇ ಗೊಂದಲಕ್ಕೆ ಸಿಲುಕಿತ್ತೆಂಬುದಕ್ಕೆ ಸೂಚನೆ. ೧೮೯೪ರ ಕಿಟ್ಟೆಲ್ ನಿಘಂಟು ಈ ಎರಡು ಅಕ್ಷರಗಳನ್ನು ಬೇರೆಯಾಗಿ ತೋರಿಸುತ್ತದೆ. ಅಂದರೆ ಮಂಗಳೂರಿನ ಮೊಳೆಪೆಟ್ಟಿಗೆಯಲ್ಲಿ ಅವುಗಳಿಗೆ ಮನೆಯಿತ್ತು.

ಬೆರಳಚ್ಚು ಯಂತ್ರದ ಕಾಲದಲ್ಲಿ ಕನ್ನಡಕ್ಕೆ ಕೇರಳದಂತಹ ಆದೇಶ ಬರಲಿಲ್ಲ. ಲಿಪಿಸುಧಾರಣೆಯ ಚರ್ಚೆಗಳು ನಡೆದರೂ ಅಕ್ಷರದ ಒಡಲು ಮುರಿಯಲಿಲ್ಲ. ಇದಕ್ಕೆ ಲಿಪಿಯ ರಚನೆಯೇ ಒಂದು ಕಾರಣ. ಕನ್ನಡದ ಕೊಂಬು ಬಹುತೇಕ ಎಲ್ಲ ವ್ಯಂಜನಗಳಿಗೂ ಒಂದೇ ಆಕಾರದಲ್ಲಿ ಬಲಗಡೆ ಸೇರುತ್ತದೆ. ಪ, ವ ಮುಂತಾದ ಕೆಲವಕ್ಕೆ ಮಾತ್ರ ಅದರ ನೆಲೆ ತುಸು ಬೇರೆ. ಒತ್ತಕ್ಷರಗಳು ಕೆಳಗೆ ಪ್ರತ್ಯೇಕವಾಗಿ ನಿಲ್ಲುತ್ತವೆ. ಆದ್ದರಿಂದ ಅಕ್ಷರವನ್ನು ಒಡೆಯದೆಯೇ ಬಿಡಿಬಿಡಿಯಾಗಿ ಒತ್ತಿ ಕೂಡಿಸಲು ಯಂತ್ರಕ್ಕೆ ಸಾಧ್ಯವಾಯಿತು. ಕನ್ನಡ ಕಳೆದುಕೊಂಡದ್ದು ಬೇರೆ ಬಗೆಯದು: ಆದೇಶದಿಂದಲ್ಲ, ಮೌನವಾಗಿ. ೞ, ಱಗಳು ಮೊಳೆಪೆಟ್ಟಿಗೆಯಿಂದ ಮರೆಯಾದವು. ಗಣಕದ ಕಾಲದಲ್ಲಿ ಕೆಲವೇ ಅಕ್ಷರಗೊಂಚಲುಗಳು ಎಲ್ಲೆಡೆ ಹರಡಿ, ಊರೂರಿನ ಅಚ್ಚುಕೂಟಗಳ ಮೊಳೆಗಳಲ್ಲಿದ್ದ ವೈವಿಧ್ಯ ಕರಗಿತು.

ಜಾಗತಿಕ ಸಂಕೇತಪದ್ಧತಿಯಾದ ಯೂನಿಕೋಡಿನಲ್ಲಿ ೞಕಾರಕ್ಕೆ ಒದಗಿದ ಗತಿ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಆ ಅಕ್ಷರಕ್ಕೆ ಸ್ಥಾನವಿದೆ, ಆದರೆ ಅದರ ಅಧಿಕೃತ ಹೆಸರು ‘ಕನ್ನಡ ಲೆಟರ್ ಫ’ ಎಂದು ತಪ್ಪಾಗಿ ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಪದ್ಧತಿಯ ನಿಯಮವಾದುದರಿಂದ, ಅದು ತಪ್ಪೆಂಬ ಟಿಪ್ಪಣಿಯೊಡನೆ ಆ ಹೆಸರೇ ಉಳಿದಿದೆ. ತನ್ನವರ ಕಣ್ಣಿನಿಂದ ದೂರವಾದ ಅಕ್ಷರಕ್ಕೆ ಪರರು ಬೇರೆ ಹೆಸರಿಟ್ಟರೆ ಎಚ್ಚರಿಸುವವರು ತಡವಾಗಿ ಬರುತ್ತಾರೆ.

ಈ ಹಿನ್ನೆಲೆಯಲ್ಲಿ ಕನ್ನಡಕ್ಕೆ ಕುಡಿಯುಳ್ಳ ಅಲಂಕಾರಾಕ್ಷರವನ್ನು ರೂಪಿಸುವಾಗ ಎದುರಾಗುವ ತೊಡಕುಗಳನ್ನು ನೋಡಬೇಕು. ಮೊದಲನೆಯದು ತಲೆಕಟ್ಟು. ಹೊರನೋಟಕ್ಕೆ ಅದು ಕುಡಿಯಂತೆಯೇ ಕಾಣುತ್ತದೆ: ಅಕ್ಷರದ ನೆತ್ತಿಯ ಮೇಲೆ ಅಡ್ಡಲಾಗಿ ಚಾಚಿ, ಬಲಕ್ಕೆ ಮೇಲೇರುವ ಗೆರೆ. ಆದರೆ ರೋಮನ್ ಅಕ್ಷರದ ಕುಡಿಯನ್ನು ತೆಗೆದುಹಾಕಿದರೂ ಅಕ್ಷರ ಅದೇ ಆಗಿ ಉಳಿಯುತ್ತದೆ. ತಲೆಕಟ್ಟನ್ನು ತೆಗೆದರೆ ಉಚ್ಚಾರವೇ ಕೆಡುತ್ತದೆ. ‘ಕ’ ಎಂಬಲ್ಲಿರುವ ತಲೆಕಟ್ಟು ‘ಕಿ’, ‘ಕೆ’, ‘ಕ್’ ಎಂಬಲ್ಲಿ ಗುಡಿಸಿಗೋ ಎತ್ವಕ್ಕೋ ವ್ಯಂಜನಚಿಹ್ನೆಗೋ ಎಡೆ ಬಿಟ್ಟುಕೊಡುತ್ತದೆ. ಖ, ಜ, ಟ, ಣ, ಬ, ಲ ಮುಂತಾದ ಅಕ್ಷರಗಳಿಗೆ ಆ ರೂಪದ ತಲೆಕಟ್ಟೇ ಇಲ್ಲ. ಸಾಮ್ಯಕ್ಕಾಗಿ ಎಲ್ಲ ಅಕ್ಷರಗಳ ನೆತ್ತಿಗೂ ಒಂದೇ ಬಗೆಯ ಕುಡಿಯನ್ನು ಹಚ್ಚಿದರೆ ಅರ್ಥವಾಹಕವಾದ ಗೆರೆಯೂ ಅಲಂಕಾರದ ಗೆರೆಯೂ ಬೆರೆತುಹೋಗುತ್ತವೆ.

ಎರಡನೆಯದು ಅಕ್ಷರದ ಬುಡ. ದ-ಧ, ಡ-ಢ, ಪ-ಫ ಇವುಗಳ ವ್ಯತ್ಯಾಸ ನಿಂತಿರುವುದು ಬುಡದಲ್ಲಿ ಎಳೆದ ಚಿಕ್ಕದೊಂದು ಗೆರೆಯ ಮೇಲೆ. ರೋಮನ್ ಅಕ್ಷರದಲ್ಲಿ ಕುಡಿಯು ಬಂದು ಕೂರುವ ಜಾಗವೂ ಅದೇ. ಅಲ್ಲಿ ಕುಡಿಯೊಂದನ್ನು ಸೇರಿಸಿದರೆ ‘ದನ’ವು ‘ಧನ’ವಾಗುವ ಅಪಾಯವಿದೆ. ಮೂರನೆಯದು ಗೆರೆಯ ದಪ್ಪ-ತೆಳುಗಳ ಹಂಚಿಕೆ. ಓಲೆಯ ಮೇಲಿನ ಕಂಟ ಸಮದಪ್ಪದ ಗೆರೆಯನ್ನು ಕೊರೆಯುತ್ತದೆ. ಕತ್ತರಿಸಿದ ಬಾಯಿಯ ಲೇಖನಿಯು ತಿರುವಿನಲ್ಲಿ ದಪ್ಪವಾಗಿ ಏರಿಳಿತದಲ್ಲಿ ತೆಳುವಾಗುತ್ತದೆ. ರೋಮನ್ ಅಕ್ಷರದ ನಿಲುವುಗೆರೆಗಳ ದಪ್ಪವನ್ನು ಯಥಾವತ್ತಾಗಿ ಕನ್ನಡದ ದುಂಡಕ್ಷರಕ್ಕೆ ಹೊರಿಸಿದರೆ, ನಿಲುವುಗೆರೆಯೇ ಇಲ್ಲದ ಅಕ್ಷರ ಹೊರೆಯನ್ನು ಹೊತ್ತು ವಾಲುತ್ತದೆ.

ಹೀಗೆಂದು ಕನ್ನಡದ ಅಕ್ಷರಕ್ಕೆ ಅಲಂಕಾರ ಸಲ್ಲದೆಂದಲ್ಲ. ಕೆಲವು ಶಾಸನಗಳ ಮೊದಲ ಸಾಲಿನಲ್ಲಿ ಮೇಲ್ಗೆರೆಗಳನ್ನು ಬಳ್ಳಿಯಂತೆ ಹಿಗ್ಗಿಸಿ ಬರೆದಿರುವುದನ್ನು ಶಾಸನಾಭ್ಯಾಸಿಗಳು ಬಲ್ಲರು. ಅಲ್ಲಿ ಲಿಪಿಕಾರನು ಅಕ್ಷರಕ್ಕೆ ಹೊಸ ಅಂಗವನ್ನು ಸೇರಿಸುವುದಿಲ್ಲ; ಇರುವ ಅಂಗವನ್ನೇ ಬೆಳೆಸುತ್ತಾನೆ. ತಲೆಕಟ್ಟಿನ ಬಾಲ, ದೀರ್ಘದ ಸುಳಿ, ವಟ್ರಸುಳಿಯ ಇಳಿಜಾರು, ಒತ್ತಕ್ಷರದ ಚಾಚು ಇವೇ ಕನ್ನಡದಲ್ಲಿ ಕುಡಿಯೊಡೆಯುವ ತಾವುಗಳು. ಮೂರ್ತಿ ಅಭಿಜಾತ ಭಾರತೀಯ ಗ್ರಂಥಮಾಲೆಗಾಗಿ ಫಿಯೊನಾ ರಾಸ್ ಮತ್ತು ಜಾನ್ ಹಡ್ಸನ್ ಮೊದಲಾದವರ ಶ್ರಮದಿಂದ ರೂಪುಗೊಂಡ ಕನ್ನಡ ಪಠ್ಯಾಕ್ಷರವು ಹಳೆಯ ಅಚ್ಚಿನ ಸೊಬಗನ್ನು ಇಂದಿನ ಯಂತ್ರಕ್ಕೆ ತಂದ ಪ್ರಯತ್ನ. ಶೀರ್ಷಿಕೆಗಾಗಿ ‘ಬಾಲೂ ತಮ್ಮ’, ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಅವರ ‘ಅಕಾಯ ಕನಡಕ’ ಮುಂತಾದವು ಬಂದಿವೆ. ಅರವಿಂದ ಅವರ ‘ಗುಬ್ಬಿ’, ‘ನವಿಲು’ಗಳು ಮುಕ್ತವಾಗಿ ದೊರೆಯುತ್ತವೆ. ದಾರಿ ತೆರೆದಿದೆ, ಆದರೆ ಕೇರಳದಲ್ಲಿ ಭಾಷಾಸಂಸ್ಥೆಯೇ ಶೀರ್ಷಿಕಾಕ್ಷರಕ್ಕೆ ಹಣ ತೊಡಗಿಸಿದಂತೆ ಕನ್ನಡದ ವಿದ್ವತ್ ಸಂಸ್ಥೆಗಳು ಈ ಕೆಲಸವನ್ನು ತಮ್ಮದೆಂದು ಎಣಿಸಬೇಕಾಗಿದೆ.

೬

ಮೇಲಿನ ವಿವೇಚನೆಯಿಂದ ಹಳೆಯ ಸೊಬಗಿನ ಕನ್ನಡ ಅಲಂಕಾರಾಕ್ಷರವನ್ನು ಅಳೆಯುವ ಕೆಲವು ಮಾನದಂಡಗಳು ದೊರೆಯುತ್ತವೆ. ಅಲಂಕಾರವನ್ನು ಕಳಚಿದಾಗ ಒಳಗಿನ ಎಲುಬುಗೂಡು ಶುದ್ಧವಾದ ಕನ್ನಡ ಅಕ್ಷರವಾಗಿ ಉಳಿಯಬೇಕು. ತಲೆಕಟ್ಟು ಮತ್ತು ಮಹಾಪ್ರಾಣದ ಗೆರೆ ಅಲಂಕಾರದೊಡನೆ ಗೊಂದಲಕ್ಕೆ ಬೀಳಬಾರದು. ಒತ್ತಕ್ಷರಗಳನ್ನು ಕುಗ್ಗಿಸಿದ ತುಣುಕುಗಳಂತೆ ಕಾಣದೆ, ಮೇಲಿನ ಅಕ್ಷರದ ಶೈಲಿಯಲ್ಲಿಯೇ ಪ್ರತ್ಯೇಕವಾಗಿ ಬರೆದಿರಬೇಕು. ಸಂಸ್ಕೃತ ಪದಗಳ ಮೂರು ವ್ಯಂಜನಗಳ ಕೂಡಿಕೆಗಳೂ ಅರ್ಕಾವೊತ್ತೂ ಸರಿಯಾಗಿ ನಿಲ್ಲಬೇಕು. ಕೊನೆಯದಾಗಿ, ಹಳೆಯದೆಂದು ಹೇಳಿಕೊಳ್ಳುವ ಅಕ್ಷರದಲ್ಲಿ ಹಳೆಯ ಅಕ್ಷರಗಳಾದ ೞ, ಱಗಳೂ ಅವುಗಳ ಒತ್ತುಗಳೂ ಇರಲೇಬೇಕು.

ಈ ಕೊನೆಯ ಮಾತು ಕನ್ನಡ ಅಧ್ಯಯನ ವಿಭಾಗಗಳಿಗೆ ನೇರವಾಗಿ ಸಂಬಂಧಿಸಿದ್ದು. ಹಳಗನ್ನಡ ಕಾವ್ಯದ ಹೊಸ ಆವೃತ್ತಿಯೊಂದು ಹೊರಬರುವಾಗ ಅದರ ಪಠ್ಯದಲ್ಲಿ ೞಕಾರವಿದ್ದು, ಹೊದಿಕೆಗೆ ಆರಿಸಿದ ಅಲಂಕಾರಾಕ್ಷರದಲ್ಲಿ ಅದು ಇಲ್ಲದಿದ್ದರೆ ‘ಮೞೆ’ಯನ್ನು ‘ಮಳೆ’ ಎಂದೇ ಅಚ್ಚುಮಾಡಬೇಕಾಗುತ್ತದೆ; ಇಲ್ಲವೇ ಬೇರೊಂದು ಗೊಂಚಲಿನಿಂದ ಎರವಲು ತಂದ ಅಕ್ಷರ ಉಳಿದವುಗಳ ನಡುವೆ ಪರಕೀಯವಾಗಿ ನಿಲ್ಲುತ್ತದೆ. ಪುಸ್ತಕದಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಹೊದಿಕೆ. ಅಲ್ಲಿ ಒಮ್ಮೆ ಕಂಡ ಅಕ್ಷರವನ್ನು ವಿದ್ಯಾರ್ಥಿ ಒಳಪುಟದಲ್ಲಿ ಗುರುತಿಸುತ್ತಾನೆ. ಅಲ್ಲಿ ಕಾಣದ ಅಕ್ಷರ ಒಳಪುಟದಲ್ಲಿ ಎದುರಾದರೆ ಮುದ್ರಣದೋಷವೆಂದು ಭಾವಿಸುತ್ತಾನೆ.

ಅಕ್ಷರ ವಿನ್ಯಾಸಕಾರನಿಗೆ ಗಣಕದ ಜ್ಞಾನವಿರುತ್ತದೆ. ಯಾವ ಗೆರೆ ಅರ್ಥದ್ದು, ಯಾವುದು ಅಂದದ್ದು, ಯಾವ ಕೂಡಿಕೆ ಯಾವ ಕಾಲದ್ದು ಎಂಬುದನ್ನು ಹೇಳಬೇಕಾದವರು ಶಾಸನ ಮತ್ತು ಹಸ್ತಪ್ರತಿಗಳನ್ನು ಓದಬಲ್ಲ ವಿದ್ವಾಂಸರು. ಕೇರಳದಲ್ಲಿ ನಿಘಂಟು ಕಚೇರಿಯ ಭಾಷಾವಿದ್ವಾಂಸರಾಗಿದ್ದ ಚಿತ್ರಜಕುಮಾರರೂ ಗ್ರಂಥಾಲಯದ ಕೆಲಸದಲ್ಲಿದ್ದು ಅಕ್ಷರಗಳನ್ನು ಬಿಡಿಸಿದ ಹುಸೇನರೂ ಜೊತೆಗೂಡಿದ್ದರಿಂದಲೇ ಒಂಬೈನೂರು ರೂಪಗಳು ಮರಳಿ ಬಂದವು. ಅಲ್ಲಿ ಕಳೆದುಹೋದದ್ದು ನೂರಾರು ಕೂಡಕ್ಷರ. ಕನ್ನಡದಲ್ಲಿ ಮರಳಬೇಕಾಗಿರುವುದು ಎರಡು ಅಕ್ಷರ ಮತ್ತು ಅವುಗಳ ಒತ್ತು. ಕೆಲಸ ಚಿಕ್ಕದು, ಸಾಧನ ಸಿದ್ಧವಿದೆ. ಇನ್ನು ಮುಂದೆ ಕನ್ನಡ ವಿಭಾಗವೊಂದು ತನ್ನ ಗ್ರಂಥದ ಮುಖಪುಟಕ್ಕೆ ಅಕ್ಷರವನ್ನು ಆರಿಸುವಾಗ ಮೊದಲು ‘ಮೞೆ’ ಎಂದು ಬರೆಯಿಸಿ ನೋಡಿದರೆ, ಆ ಅಕ್ಷರದ ಕುಡಿ ಲಿಪಿಯ ಬೇರಿನಿಂದ ಬಂದದ್ದೋ ಹೊರಗಿನಿಂದ ಅಂಟಿಸಿದ್ದೋ ಎಂಬುದು ತಾನಾಗಿಯೇ ತಿಳಿಯುತ್ತದೆ.